ದೊಡ್ಡಪ್ಪನ ಪಟ್ಟಾಪಟ್ಟಿ ಚಡ್ಡಿಯೂ ನನ್ನ ಕ್ಯಾಮೆರಾವೂ

ಗೆಳೆಯರೇ, ತೆರಕಣಾಂಬಿಯ ದೊಡ್ಡಪ್ಪನ ಮನೆಯಿಂದ ಈಗಷ್ಟೇ ಬಂದೆ, ತಲೆ ಕೆಟ್ಟಿದೆ.

ಗೋಡೆಗೆ ಹಾಕುವ ಫೋಟೋಗೆಂದು ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದ್ದೆ. ಪಕ್ಕದ ತಂತಿಯಲ್ಲಿ ದೊಡ್ಡಪ್ಪನ ಪಟ್ಟಾಪಟ್ಟಿ ಚಡ್ಡಿ ನೇತಾಡುತ್ತಿತ್ತು. ತೆಗೆಯಲು ಹೋದರೆ, "ಮುಟ್ಬ್ಯಾಡ ಕಣ್ಲಾ, ಇನ್ನೂ ಒಣಗಿಲ್ಲ" ಎಂದರು ದೊಡ್ಡಪ್ಪ.

ಸರಿ, ವ್ಯೂಫೈಂಡರಿಗೆ ಕಣ್ಣಿಟ್ಟು, ಚಡ್ಡಿ ಹೊರಗುಳಿಯುವಂತೆ ನೋಡಿಕೊಂಡು ಕ್ಲಿಕ್ ಮಾಡಿದೆ. ಫೋಟೋದ ಅಂಚಿನಲ್ಲಿ ಚಡ್ಡಿ ಹಾಜರ್. ನನ್ನದು ಇರುವುದರಲ್ಲೇ ಅಗ್ಗದ ಡಿಎಸ್‌ಎಲ್‌ಆರ್. ಅದರ ವ್ಯೂಫೈಂಡರ್ ಫೋಟೋದಲ್ಲಿ ಬರುವುದನ್ನೆಲ್ಲ ತೋರಿಸುವುದಿಲ್ಲ. ಚಡ್ಡಿ ತಪ್ಪಿಸಲು ಇತ್ತ ಸರಿದರೆ ಆ ತುದಿಯಲ್ಲಿದ್ದ ಚಿಕ್ಕಮ್ಮನ ತೋಳು ಫೋಟೋದಿಂದ ಹೋಗುತ್ತದೆ.

ಅಂಚು ಸರಿಯಾಗಿ ಕಾಣಲೆಂದು ಲೈವ್ ವ್ಯೂ ಹಾಕಿದೆ. ಹಿಂಬದಿಯ ಪರದೆಯಲ್ಲಿ ಎಲ್ಲರೂ ಮೂಡಿದರು. ಹಾಗೆಂದು ಬಾಯಿಬಿಟ್ಟೆ, ಅದೇ ತಪ್ಪಾಯಿತು. "ನಾವು ಟೀವಿಲಿ ಬಂದಂಗೆ ಬತ್ತಾ ಇದ್ದವಾ? ಎಲ್ಲಿ, ನೋಡನ" ಎಂದು ಚಿಕ್ಕಮ್ಮ ನನ್ನ ಹಿಂದೆ ಬಂದರು. ಅವರ ಹಿಂದೆ ಉಳಿದವರು. ಲೈವ್ ವ್ಯೂನಲ್ಲಿ ಫೋಕಸ್ ಬಲು ನಿಧಾನ. ಅದು ತಡಕಾಡಿ ಒಂದು ಮುಖ ಹಿಡಿಯುವಷ್ಟರಲ್ಲಿ ಆ ಮುಖ ನನ್ನ ಭುಜದ ಮೇಲಿರುತ್ತಿತ್ತು.

"ನಾನೆಲ್ಲಿದ್ದೀನ್ಲಾ ಇದ್ರಲ್ಲಿ?" ಎಂದರು ದೊಡ್ಡಪ್ಪ, ನನ್ನ ಬೆನ್ನ ಹಿಂದಿನಿಂದ ಪರದೆ ನೋಡುತ್ತಾ.

"ಅಲ್ಲೋಗಿ ನಿಂತ್ಕಂಡ್ರೆ ಕಾಣ್ತೀರಿ ದೊಡ್ಡಪ್ಪ."

"ಅಲ್ಲಿ ನಿಂತ್ಕಂಡ್ರೆ ನಂಗೆ ಎಂಗ್ಲಾ ಕಾಣದು?"

ಲೈವ್ ವ್ಯೂ ಆರಿಸಿ, ಎಲ್ಲರನ್ನೂ ಮತ್ತೆ ನಿಲ್ಲಿಸಿ, ಹಳೆಯ ವ್ಯೂಫೈಂಡರಿಗೇ ಕಣ್ಣಿಟ್ಟು ತೆಗೆದೆ. ಚಡ್ಡಿ ಮತ್ತೆ ಬಂತು.

ದೊಡ್ಡಮ್ಮ ಫೋಟೋ ನೋಡಿ ಹೇಳಿದರು: "ಚಡ್ಡಿ ಇರ್ಲಿ ಬುಡ್ಲಾ. ನಿಂತ ಜಾಗ ಬುಟ್ಟು ಕದಲ್ದೆ ಇದ್ದದ್ದು ಅದೊಂದೇ."