ಸೋಪು ಹಚ್ಚಿಸಿಕೊಂಡ ಮರಿ

ಫೆಬ್ರವರಿಯ ಒಂದು ಗುರುವಾರ, ಬೆಳಿಗ್ಗೆ ಆರೂವರೆ. ಭದ್ರಾವತಿಯಲ್ಲಿರುವ ತಮ್ಮನ ಮನೆಯ ಹಿತ್ತಲು. ಹಾಜರಿದ್ದವರು ನಾನು, ತಮ್ಮನ ಹೆಂಡತಿ, ಅವಳ ಆಡು ಮತ್ತು ಅದರ ಆರು ದಿನದ ಮರಿ. ತಮ್ಮ ಎದ್ದಿರಲಿಲ್ಲ, ಗೈರುಹಾಜರಿ.

ಮರಿಯ ಕೆಳರೆಪ್ಪೆಗಳು ಹುಟ್ಟಿನಿಂದಲೇ ಒಳಕ್ಕೆ ಮಡಚಿಕೊಂಡಿದ್ದವು. ಕೂದಲು ಕಣ್ಣುಗುಡ್ಡೆಗೆ ಉಜ್ಜಿ ಸದಾ ನೀರು ಸುರಿಯುತ್ತಿತ್ತು, ಕಣ್ಣು ಅಂಟಿಕೊಂಡೇ ಇರುತ್ತಿತ್ತು. ಕೆಚ್ಚಲು ಹುಡುಕಲು ಹೋಗಿ ಅದು ತಾಯಿಯ ಮೊಣಕಾಲನ್ನೂ, ಕಟ್ಟುವ ಗೂಟವನ್ನೂ, ಒಮ್ಮೆ ನನ್ನ ಸೀರೆಯ ನೆರಿಗೆಯನ್ನೂ ಚೀಪಿತ್ತು. ಬಾಟಲಿಯ ಹಾಲನ್ನು ಉಗುಳುತ್ತಿತ್ತು. ದಿನದಿಂದ ದಿನಕ್ಕೆ ಸೊರಗುತ್ತಿತ್ತು.

ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಅಂದು ಮರಿಗೆ ರೆಪ್ಪೆಯ ಆಪರೇಷನ್ ಇತ್ತು; ಆಪರೇಷನ್ನಿಗೆ ಹೋಗುವವರು ಸ್ನಾನ ಮಾಡಿರಬೇಕು. ನೀರು ಕಾಯಿಸಿ, ಔಷಧಿ ವಾಸನೆಯ ಕೆಂಪು ಸೋಪು ಹಚ್ಚಿ, ಮರಿಯನ್ನು ಕಿವಿಯಿಂದ ಗೊರಸಿನವರೆಗೆ ತೊಳೆದೆ.

"ಅತ್ತಿಗೆ, ಅದನ್ನ ಮದುವೆಗೆ ಕರ್ಕೊಂಡು ಹೋಗ್ತಿದೀರಾ?" ಎಂದಳು ತಮ್ಮನ ಹೆಂಡತಿ.

"ಸುಮ್ನಿರು ಮಾರಾಯ್ತಿ. ಟವೆಲ್ ಕೊಡು."

ಆಟೋದಲ್ಲಿ ಶಿವಮೊಗ್ಗಕ್ಕೆ ಹೋದೆವು. ಪಶುವೈದ್ಯೆ ರೆಪ್ಪೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅದರ ಕೆಳಗೆ ಅಕ್ಕಿಕಾಳಿನಷ್ಟು ಅಗಲದ ಚರ್ಮ ಕತ್ತರಿಸಿ ತೆಗೆದು ಹೊಲಿದರು. ಮಡಚಿದ್ದ ರೆಪ್ಪೆ ಹೊರಕ್ಕೆ ಬಂತು. ಒಂದು ಕೈಯಲ್ಲಿ ಮರಿಯ ತಲೆ ಹಿಡಿದಿದ್ದ ನಾನು ಇನ್ನೊಂದು ಕೈಯಲ್ಲಿ ಅವರ ಕತ್ತರಿ ಚಿಮಟಗಳನ್ನು ಸಾಲಾಗಿ ಜೋಡಿಸತೊಡಗಿದ್ದೆ.

"ಸಿಸ್ಟರ್, ಇನ್ನೊಂದು ಕಣ್ಣು ಬಾಕಿ ಇದೆ," ಎಂದರು ಅವರು. ಮುಗಿದ ಮೇಲೆ ಮುಲಾಮು ಕೊಟ್ಟು ಹೇಳಿದರು: "ತುಂಬಾ ನಿತ್ರಾಣ ಆಗಿದೆ. ಸಂಜೆಯೊಳಗೆ ತಾಯಿ ಹಾಲು ಕುಡೀಲೇಬೇಕು."

ಮಧ್ಯಾಹ್ನ ಹಿತ್ತಲಲ್ಲಿ ಇಳಿಸಿದ್ದೇ ತಡ, ಮರಿ ಎರಡೂ ಕಣ್ಣು ಬಿಟ್ಟು ನೇರ ಕೆಚ್ಚಲಿಗೇ ಹೋಯಿತು. ಆಡು ಅದನ್ನು ಮೂಸಿತು, ತಲೆಯಿಂದ ಗುದ್ದಿ ಉರುಳಿಸಿತು. ಮರಿ ಎದ್ದು ಮತ್ತೆ ಹೋಯಿತು, ಆಡು ಮತ್ತೆ ಗುದ್ದಿತು.

"ಮೈ ವಾಸನೆ ಹೋಗಿದೆ ಅತ್ತಿಗೆ. ಯಾರ ಮನೆ ಮರಿನೋ ಅಂದ್ಕೊಂಡಿದೆ."

"ಈಗ ಹೇಳ್ತೀಯಲ್ಲೇ."

"ಬೆಳಿಗ್ಗೆ ಸುಮ್ನಿರು ಅಂದ್ರಿ. ಸುಮ್ನಿದ್ದೆ."

ನಾಲ್ಕು ಗಂಟೆಯಾದರೂ ಆಡು ಒಪ್ಪಲಿಲ್ಲ. ಮರಿ ಮೂಲೆಯಲ್ಲಿ ಕುಸಿದು ಕೂತಿತು. ತಮ್ಮನ ಹೆಂಡತಿ ಆಡಿನ ಹಾಲನ್ನು ನನ್ನ ಅಂಗೈಗೆ ಕರೆದಳು, ಕೊಟ್ಟಿಗೆಯಲ್ಲಿ ಆಡಿನ ಗಂಜಲಕ್ಕೆ ನೆಂದಿದ್ದ ಹುಲ್ಲನ್ನು ತಂದು ಮುಂದಿಟ್ಟಳು.

"ತೊಳೆದೋರೇ ಹಚ್ಚಿ. ಬಾಲಕ್ಕೆ ಜಾಸ್ತಿ, ಅದು ಮೂಸೋದು ಅಲ್ಲೇ. ಹೊಲಿಗೆ ಹತ್ರ ಬೇಡ."

ಬೆನ್ನಿನಿಂದ ಬಾಲದವರೆಗೆ, ಒಂದಿಂಚೂ ಬಿಡದೆ ಹಚ್ಚಿದೆ. ನನ್ನ ಮೊಣಕೈವರೆಗೂ ಹತ್ತಿತು. ಅಷ್ಟರಲ್ಲಿ ತಮ್ಮ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡ.

"ಅಕ್ಕ, ಇದ್ಯಾವ ವಾರ್ಡ್ ಡ್ಯೂಟಿ?"

ಮರಿಯನ್ನು ಎತ್ತಿ ನಿಲ್ಲಿಸಿದೆ. ಆಡು ಬಾಲ ಮೂಸಿತು. ನನ್ನ ತೋಳನ್ನೂ ಮೂಸಿತು. ಮತ್ತೆ ಬಾಲ. ಕಡೆಗೆ ಕಾಲು ಅಗಲಿಸಿ ನಿಂತಿತು. ಮರಿ ಕೆಚ್ಚಲಿಗೆ ಬಾಯಿಟ್ಟಿತು. ಗಂಜಲ ಹಚ್ಚಿದ ಬಾಲ ಪಟಪಟ ಬಡಿದು ನನ್ನ ಕನ್ನಡಕಕ್ಕೆ ಸಿಡಿಯಿತು.

ಐದೂ ನಲವತ್ತಕ್ಕೆ ಹೊಟ್ಟೆ ತುಂಬಿಸಿಕೊಂಡು ಮಲಗಿತು. ಕೈ ತೊಳೆದು ಬಂದು ಆರಕ್ಕೆ ಎರಡೂ ಕಣ್ಣಿಗೆ ಮುಲಾಮು ಹಾಕಿದೆ. ಆಮೇಲೆ ಅದೇ ಕೆಂಪು ಸೋಪಿನಲ್ಲಿ, ಎರಡು ಸಲ, ನಾನು ಸ್ನಾನ ಮಾಡಿದೆ.