ಕರಿ ತಂತಿಯ ಕೆಂಪು ಟೇಪು

ವಾಘೋಲಿಯಲ್ಲಿ ಹೆದ್ದಾರಿಯ ಬದಿಗೆ ಕಾಡಪ್ಪನ ವೈರಿಂಗ್ ಶೆಡ್ಡು ಇದೆ. ಸಿಂದಗಿ ಕಡೆಯವನು, ಲಾರಿ, ಟೆಂಪೋಗಳ ವೈರಿಂಗ್ ಮಾಡುತ್ತಲೇ ಕೂದಲು ನರೆತಿದೆ. ಒಳ್ಳೆಯ ಕೆಲಸಗಾರ. ಒಳ್ಳೆಯ ಮನುಷ್ಯ ಎಂದು ಬರೆಯಲು ನನಗೆ ಕಾರಣ ಸಿಕ್ಕಿಲ್ಲ.

ಅವನ ಹೆಮ್ಮೆಯೆಲ್ಲ ಒಂದು ಹಳೆಯ ಕ್ಯಾರವಾನಿನ ಮೇಲಿತ್ತು. ಮಂಚ, ಅಡಿಗೆಕಟ್ಟೆ, ಬಚ್ಚಲು ಎಲ್ಲ ಒಳಗೇ ಇರುವ ಈ ಅಮೆರಿಕದ ಗಾಡಿಯನ್ನು ಮಾಧುರಿ ಎಂಬಾಕೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ. ಅದರ ಸೀಟಿನ ಕೆಳಗೆ ಒಂದು ಕನ್ವರ್ಟರ್ ಕೂತಿದೆ. ಹೊರಗಿನ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸಿ ದೀಪ, ಫ್ಯಾನುಗಳಿಗೆ ಕೊಟ್ಟು ಬ್ಯಾಟರಿಯನ್ನೂ ತುಂಬಿಸುವ, ಸದಾ ಗುಂಯ್ ಎನ್ನುವ ಕಬ್ಬಿಣದ ಪೆಟ್ಟಿಗೆ.

ನಮ್ಮ ಗಾಡಿಗಳಲ್ಲಿ ಬ್ಯಾಟರಿಯ ಕರಿ ತಂತಿ ಎಂದರೆ ಮೈನಸ್. ಆ ಪೆಟ್ಟಿಗೆಯಲ್ಲಿ ಕರಿಯದೇ ಪ್ಲಸ್, ಬಿಳಿಯದು ಮೈನಸ್. ಕಾಡಪ್ಪ ಕೆಲಸಕ್ಕೆ ಕೂತಾಗ ತನ್ನ ಕೈ ತಪ್ಪದಿರಲೆಂದು ಕರಿ ತಂತಿಗೆ ಕೆಂಪು ಟೇಪು ಸುತ್ತುತ್ತಿದ್ದ. ಏಳುವಾಗ ಅದನ್ನು ಬಿಚ್ಚಿ, ಉಂಡೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇನ್ನೊಬ್ಬನಿಗೆ ಗುರುತು ಉಳಿಯಬಾರದು.

ಆ ಇನ್ನೊಬ್ಬ ಯಾರೆಂಬುದೂ ಅವನಿಗೆ ಗೊತ್ತಿತ್ತು. ಹೆಂಡತಿ ನಾಗವ್ವನ ತಮ್ಮ ಬಸವಲಿಂಗ ಇವನ ಬಳಿಯೇ ಕೆಲಸ ಕಲಿತು ರಸ್ತೆಯ ಆಚೆ ಸ್ವಂತ ಶೆಡ್ಡು ಹಾಕಿದ್ದ. ಅಲ್ಲಿ ಗಾಡಿ ನಿಂತರೆ, ಅತ್ತಲೇ ನೋಡುತ್ತ ಕಾಡಪ್ಪನ ಕೈಯ ಕೆಲಸ ನಿಲ್ಲುತ್ತಿತ್ತು. ಅವನು ಬೋರ್ಡಿಗೆ ದೀಪ ಹಾಕಿಸಿದ ವಾರವೇ ಇವನು ದೊಡ್ಡ ದೀಪ ಹಾಕಿಸಿದ. ಲಾರಿಗಳು ಹೋದರೆ ಹೋಗಲಿ, ಕ್ಯಾರವಾನು ಮಾತ್ರ ತನ್ನ ಕೈ ಬಿಡದು ಎಂದು ಮೂರು ಹೊತ್ತೂ ಹೇಳಿಕೊಳ್ಳುತ್ತಿದ್ದ.

ಈ ಸಲ ದಸರೆಗೆ ಮುಂಚೆ ಮಾಧುರಿ ಬ್ಯಾಟರಿ ಬದಲಿಸಲು ಕರೆದಳು. ಬೇಡಿಕೆ ಇರುವವನಂತೆ ತೋರಿಸಿಕೊಳ್ಳಲು ಕಾಡಪ್ಪ ಇವತ್ತು ನಾಳೆ ಎಂದ. ಆಕೆ ಬೇಸತ್ತು ಬಸವಲಿಂಗನನ್ನು ಕರೆದಳು. ಅವನು ಎಲ್ಲರಂತೆ ಕರಿ ತಂತಿಯನ್ನು ಮೈನಸ್ಸಿಗೆ ಕೊಟ್ಟ. ಫ್ಯೂಸು ಹಾರಿತು. ಬದಲಿಸಿದ, ಮತ್ತೆ ಹಾರಿತು.

ಮರುದಿನ ಖಂಡೇನವಮಿ, ಉಪಕರಣಗಳನ್ನು ಪೂಜೆಗಿಟ್ಟು ಮುಟ್ಟದ ಆಯುಧಪೂಜೆಯ ದಿನ. ಗಾಡಿ ಮಧ್ಯಾಹ್ನ ಹೊರಡಬೇಕು. ಬಸವಲಿಂಗ ಪೂಜೆಗೆ ಇಟ್ಟ ಹತ್ಯಾರಗಳಿಗೆ ಕೈಮುಗಿದು, ಕುಂಕುಮದ ಸಮೇತ ಅವನ್ನೇ ಎತ್ತಿಕೊಂಡು ಕ್ಯಾರವಾನಿಗೆ ಹೋಗಿದ್ದ. ಅಲ್ಲಿಂದ ಭಾವನಿಗೆ ಫೋನು ಮಾಡಿ ಒಮ್ಮೆ ಬಂದು ನೋಡಲು ಬೇಡಿಕೊಂಡ. ಕಾಡಪ್ಪನ ಮುಖದಲ್ಲಿ ಹಬ್ಬದ ಕಳೆ ಬಂದದ್ದು ಆಗಲೇ.

"ಇವತ್ತ ಹತ್ಯಾರ ಮುಟ್ಟಂಗಿಲ್ಲೋ," ಎಂದು ಫೋನು ಇಟ್ಟ.

ನಾಗವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ಹತ್ಯಾರ ಪೂಜಾಕ್ಕ ಕುಂತಾವ. ನಿಮ್ಮ ಬಾಯಿ ಕುಂತಿಲ್ಲಲ್ರಿ?"

ಅವನು ಹೋಳಿಗೆಗೆ ತುಪ್ಪ ಕೇಳಿದ.

ಸ್ವಲ್ಪ ಹೊತ್ತಿಗೆ ಬಸವಲಿಂಗ ಅಕ್ಕನ ಮೊಬೈಲಿಗೆ ಫೋಟೋ ಕಳಿಸಿದ. ಕರಿ ತಂತಿಯ ತುದಿಯಲ್ಲಿ ಧೂಳು ಮೆತ್ತಿದ ಅಂಟು, ಅದರಲ್ಲಿ ಕೆಂಪು ಚೂರು. ಇದೇನೆಂದು ಕೇಳಿದ್ದ. ಕ್ಯಾರವಾನಿಗೆ ಹೋಗಿ ಬಂದ ದಿನವೆಲ್ಲ ಗಂಡನ ಅಂಗಿಯ ಜೇಬಿನಿಂದ ಕೆಂಪು ಟೇಪಿನ ಉಂಡೆ ತೆಗೆದು ಬಿಸಾಕಿ ಅಂಗಿ ಒಗೆದವಳು ನಾಗವ್ವ. ವೈರಿಂಗಿನವನ ಮನೆಯಲ್ಲಿ ಬಾಳಿದವಳಿಗೆ ಕೆಂಪು ಎಂದರೆ ಪ್ಲಸ್ ಎಂಬುದು ಗೊತ್ತಿಲ್ಲದೆ ಏನು? ಗಂಡನ ಎದುರಿಗೇ ಫೋನಿನಲ್ಲಿ ಹೇಳಿದಳು:

"ಕರೇದು ಪ್ಲಸ್ಸಿಗೆ ಹಚ್ಚೋ ತಮ್ಮಾ. ನಿಮ್ಮ ಭಾವ ಅದಕ್ಕ ಕೆಂಪು ಸುತ್ತಿ, ಬರೋವಾಗ ಕಿತಗೊಂಡ ಬರ್ತಾರ."

ಪೆಟ್ಟಿಗೆ ಗುಂಯ್ ಎಂದಿತು. ಗಾಡಿ ಹೊತ್ತಿಗೆ ಸರಿಯಾಗಿ ಹೊರಟಿತು. ನಡೆದದ್ದು ಕೇಳಿದ ಮಾಧುರಿ, ಇನ್ನು ಬಸವಲಿಂಗನೇ ನೋಡಿಕೊಳ್ಳಲಿ ಎಂದಳು.

ದಶಮಿಯ ಸಂಜೆ ಬಸವಲಿಂಗ ಬನ್ನಿ ಕೊಡಲು ಬಂದು ಕಾಲಿಗೆ ಬಿದ್ದ. ಕಾಡಪ್ಪ ಎಲೆ ತೆಗೆದುಕೊಂಡ. ಬಂಗಾರದಂತೆ ಇರೋಣ ಎಂದು ಇಬ್ಬರೂ ಹೇಳಿದರು. ಹೇಳಲೇಬೇಕಾದ ಮಾತು ಅದು.

ಕ್ಯಾರವಾನು ಈಗ ರಸ್ತೆಯ ಆಚೆ ನಿಲ್ಲುತ್ತದೆ. ಕರಿ ತಂತಿಯ ಮೇಲೆ ಬಸವಲಿಂಗ ಸುತ್ತಿದ ಕೆಂಪು ಟೇಪು ಎಲ್ಲರಿಗೂ ಕಾಣುವಂತೆ ಉಳಿದಿದೆ. ಒಮ್ಮೆ ಅವನು ಚಹಾಕ್ಕೆ ಹೋದಾಗ ಕಾಡಪ್ಪ ರಸ್ತೆ ದಾಟಿ, ಗಾಡಿಯ ತೆರೆದ ಬಾಗಿಲಲ್ಲಿ ಬಗ್ಗಿ ನೋಡಿ ಬಂದ.

"ಟೇಪ ಸುತ್ತಾಕ ಸೈತ ಬರಂಗಿಲ್ಲ ಅವಗ," ಎಂದು ನಾಗವ್ವನಿಗೆ ಹೇಳಿದ.