ಕತ್ತಿ ಹಿಡಿದ ತೋಳಿನ ವಂಶಸ್ಥ

ನಮ್ಮ ಎದುರುಮನೆಯ ಸ್ವೆತೋಲಿಕ್ ಪುರಸಭೆಯಲ್ಲಿ ಗುಮಾಸ್ತ. ಹಬ್ಬಹರಿದಿನಗಳಲ್ಲಿ ಪುರಭವನದ ಮೇಲೆ ಊರಿನ ಬಾವುಟ ಏರಿಸುವ ಕೆಲಸವನ್ನೂ ಅವನಿಗೇ ಅಂಟಿಸಿದ್ದರು, ಯಾಕೆಂದರೆ ಅಷ್ಟೊಂದು ಮೆಟ್ಟಿಲು ಹತ್ತುವ ಉಮೇದು ಬೇರೆ ಯಾರಿಗೂ ಇರಲಿಲ್ಲ. ಅಷ್ಟಕ್ಕೇ ಅವನು ಇಡೀ ಊರನ್ನು ಹೆಗಲ ಮೇಲೆ ಹೊತ್ತವನ ಹಾಗೆ ಬೀಗುತ್ತಿದ್ದ. ಬಾವುಟ ಏರಿಸಿ ಬಂದ ದಿನ ಬೀದಿಯಲ್ಲಿ ನಮಸ್ಕಾರ ಮಾಡಿದರೆ ತಿರುಗಿ ನಮಸ್ಕಾರವೂ ಇಲ್ಲ, ಬರೀ ಗಲ್ಲ ಆಡಿಸುವುದು.

ಬಾವುಟವಾದರೂ ಎಂಥದು? ನೀಲಿ ಬಟ್ಟೆ, ನಡುವೆ ಬಿಳಿ ಕೋಟೆ, ಕೋಟೆಯ ನೆತ್ತಿಯಿಂದ ಎದ್ದ ಕತ್ತಿ ಹಿಡಿದ ತೋಳು. ಹಿಂದೆ ವಿಯೆನ್ನಾದ ಅರಸರು ನಮ್ಮ ಊರಿಗೆ ಕೊಟ್ಟ ಲಾಂಛನ, ಚೌಕದಲ್ಲಿ ಪುರಭವನದ ಬಾಗಿಲ ಮೇಲೂ ಕೆತ್ತಿದೆ. ತೋಳು ತುರ್ಕರ ವಿರುದ್ಧ ಕೋಟೆ ಕಾಯ್ದ ಯಾರೋ ಕ್ಯಾಪ್ಟನ್‌ನದಂತೆ. ಯಾರದಾದರೆ ನಮಗೇನು ಎಂದು ನಾವೆಲ್ಲ ಅದರ ಕೆಳಗೇ ಮೆಣಸಿನಕಾಯಿ ಚೌಕಾಸಿ ಮಾಡಿಕೊಂಡು ಬದುಕಿದ್ದೆವು. ಬೆಲ್‌ಗ್ರೇಡಿನಲ್ಲಿ ವಂಶವೃಕ್ಷ ಬರೆದುಕೊಡುವವನೊಬ್ಬ, ಆ ತೋಳು ನಿಮ್ಮ ಪೂರ್ವಿಕರದ್ದೇ ಎಂದು ಸ್ವೆತೋಲಿಕ್‌ನ ಕಿವಿಯಲ್ಲಿ ಊದಿದ. ನಿನ್ನ ಮುತ್ತಜ್ಜ ಹಂದಿ ಕಾಯುತ್ತಿದ್ದ ಎಂದು ಆ ಮನುಷ್ಯ ಇವತ್ತಿನವರೆಗೂ ಯಾರಿಗೂ ಹೇಳಿದ್ದಿಲ್ಲ. ಅಷ್ಟು ತಿಳಿಯಲು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ, ಇವನಿಗೆ ಅಷ್ಟೂ ಇರಲಿಲ್ಲ.

ಮರುವಾರವೇ ಬರೀ ತೋಳಿನದೊಂದು ಬಾವುಟ ಹೊಲಿಸಿ ಬಾಲ್ಕನಿಯಲ್ಲಿ ಕಟ್ಟಿದ. ಅದರ ಕೆಳಗೆ ಅವನ ಹೆಂಡತಿ ದೋಬ್ರಿಲಾ ಒಣಹಾಕಿದ ಚಡ್ಡಿಗಳು.

"ರೋಸಾಂದಾ, ಚೌಕದಲ್ಲಿ ದಿನಾ ನೋಡ್ತೀಯಲ್ಲ, ಅದು ನಮ್ಮ ತೋಳು," ಎಂದ ನನಗೆ.

"ಹಂಗಾದ್ರೆ ಆ ತೋಳಿಗೆ ಹೇಳಿ, ಪಾಪ ದೋಬ್ರಿಲಾಗೆ ಒಂದಿಷ್ಟು ಸೌದೆ ಒಡೆದುಕೊಡಲಿ," ಎಂದೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಅವನು ಸ್ಲಾವಾಕ್ಕೆ ಕೈಹಾಕಿದ. ಸ್ಲಾವಾ ಅಂದರೆ ಮನೆಯ ಸಂತನ ದಿನ. ಅದು ಅಪ್ಪನಿಂದ ಮಗನಿಗೆ ಬರುತ್ತದೆ, ಮೂಗಿನ ಹಾಗೆ. ಅಂಗಡಿಯಲ್ಲಿ ಆರಿಸಿ ತರುವುದಲ್ಲ. ಆ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಮೇಣದಬತ್ತಿ ಹಚ್ಚಿ, ಬಾಗಿಲು ತೆರೆದಿಟ್ಟು ಯಜಮಾನ ಕಾಯುತ್ತಾನೆ, ಬಲ್ಲವರು ತಾವೇ ಬರುತ್ತಾರೆ. ಅವರ ಮನೆಗೂ ನಮ್ಮ ಮನೆಗೂ ಒಬ್ಬನೇ ಸಂತ, ಡಿಸೆಂಬರ್ ಚಳಿಯಲ್ಲಿ ಬರುವ ನಿಕೋಲ. ಅಲ್ಲಿ ಮೀನು ತಿಂದವರು ರಸ್ತೆ ದಾಟಿ ಇಲ್ಲಿ ಬಂದು ಮತ್ತೆ ತಿನ್ನುತ್ತಿದ್ದರು.

ಕ್ಯಾಪ್ಟನ್‌ನ ಸಂತ ನಿಕೋಲ ಅಲ್ಲವಂತೆ, ಜಾರ್ಜ್ ಅಂತೆ. ಜಾರ್ಜ್ ನಮ್ಮ ಊರಿಗೇ ಸಂತ; ಮೇ ತಿಂಗಳಲ್ಲಿ ಅವನ ದಿನವೇ ಊರಹಬ್ಬ. ಇನ್ನು ಮೇಲೆ ತನ್ನ ಮನೆಯದೂ ಅದೇ ಎಂದ ಸ್ವೆತೋಲಿಕ್.

"ನಿಮ್ಮಪ್ಪ ಸಾಯೋ ಮುಂಚೆ ಕೇಳಿದ್ದು ಒಂದೇ ಅಲ್ವಾ? ನಿಕೋಲನಿಗೆ ದೀಪ ತಪ್ಪಿಸಬೇಡ ಅಂತ," ಎಂದಳು ದೋಬ್ರಿಲಾ, ನನ್ನ ಎದುರಿಗೇ.

"ಅಪ್ಪನಿಗೆ ತಾನು ಯಾರು ಅಂತಾನೇ ಗೊತ್ತಿರಲಿಲ್ಲ. ನಿಕೋಲ ದೋಣಿಯವ್ರ ಸಂತ, ಮೀನುಗಾರ್ರ ಸಂತ. ಕ್ಯಾಪ್ಟನ್ ಮನೇಲಿ ಅವನಿಗೇನು ಜಾಗ?"

ಅವನಪ್ಪ ದೋಣಿಯವನೇ. ಊರವರನ್ನು ನದಿ ದಾಟಿಸಿ ಮಗನನ್ನು ಓದಿಸಿದವನು. ಆ ಮಾತು ಕೇಳಿ ನನಗೆ ಮೈ ಉರಿದುಹೋಯಿತು.

ನಿಕೋಲನ ದಿನ ಬಂತು. ವಿಷಯ ಗೊತ್ತಿಲ್ಲದವರು ಎಂದಿನಂತೆ ಬಂದರು. ಎಲ್ಲರಿಗಿಂತ ಮೊದಲು ಬಂದವನು ನದಿಯಾಚೆಯ ಮುದುಕ ರಾದೋಯೆ, ಸ್ವೆತೋಲಿಕ್‌ನನ್ನು ಮಗುವಾಗಿದ್ದಾಗ ಎತ್ತಿ ಹಿಡಿದು ದೀಕ್ಷಾಸ್ನಾನ ಮಾಡಿಸಿದ ಧರ್ಮಪಿತ. ಕಂಕುಳಲ್ಲಿ ಹಣ್ಣಿನ ಹೆಂಡ ರಾಕಿಯಾದ ಬಾಟಲಿ, ಟೋಪಿಯ ಮೇಲೆಲ್ಲ ಹಿಮ.

"ಇವತ್ತು ನಮ್ಮಲ್ಲಿ ಏನೂ ಇಲ್ಲ," ಎಂದು ಸ್ವೆತೋಲಿಕ್ ಬಾಗಿಲು ಹಾಕಿಕೊಂಡ. ಸ್ಲಾವಾ ದಿನ ಹೊಸ್ತಿಲಿಗೆ ಬಂದವರನ್ನು, ಶತ್ರುವಾದರೂ, ತಿರುಗಿಸಿ ಕಳಿಸಿದ್ದನ್ನು ನಾನು ಈ ಬೀದಿಯಲ್ಲಿ ಕಂಡಿದ್ದು ಅದೇ ಮೊದಲು. ರಾದೋಯೆ ರಸ್ತೆ ದಾಟಿ ನಮ್ಮ ಮನೆಗೆ ಬಂದು ಕೂತ. "ಯಾರಾದ್ರೂ ಸತ್ತಿದ್ದಾರಾ ಆ ಮನೇಲಿ?" ಎಂದು ಕೇಳಿದ.

ಆಮೇಲೆ ಹಿತ್ತಿಲ ಬಾಗಿಲಿಂದ ದೋಬ್ರಿಲಾ ಬಂದಳು. ಏಪ್ರನ್‌ನಲ್ಲಿ ಸುತ್ತಿದ್ದು ಮಾವನ ಕಾಲದ ನಿಕೋಲನ ಪಟ.

"ಅಕ್ಕ, ಇವತ್ತೊಂದು ದಿನ ಇಲ್ಲಿ ಇಟ್ಕೊಳ್ಳಿ. ದೀಪ ಇಲ್ದೆ ಬಿಡಕ್ಕೆ ಮನಸ್ಸು ಬರ್ತಿಲ್ಲ."

ನನ್ನ ಗಂಡ ಮಿಲೆಂಕೋ ಅದನ್ನು ನಮ್ಮ ಪಟದ ಪಕ್ಕದಲ್ಲೇ ತೂಗುಹಾಕಿದ. ದಿನ ಕಳೆಯಿತು, ಚಳಿಗಾಲವೂ ಕಳೆಯಿತು. ಅವಳು ವಾಪಸ್ ಕೇಳಲಿಲ್ಲ. ಕ್ಯಾಪ್ಟನ್ ಸಾಹೇಬರಿಗೆ ಗೋಡೆ ಬರಿದಾಗಿದ್ದು ಕಾಣಲೂ ಇಲ್ಲ, ಅಲ್ಲಿ ತೋಳಿನ ಚಿತ್ರಕ್ಕೆ ಕಟ್ಟು ಹಾಕಿಸಿ ನೇತುಹಾಕಿದ್ದ.

ಮೇ ಬಂತು. ಊರಿನ ದಿನ ಸ್ವೆತೋಲಿಕ್ ರಜೆ ಹಾಕಿ ಮನೆಯಲ್ಲೇ ಉಳಿದ. ಇಡೀ ಕುರಿಮರಿ ಸುಡಿಸಿದ್ದ, ಸ್ಲಾವಾಕ್ಕೆ ಬಂದವರು ಮೊದಲು ಬಾಯಿಗಿಡುವ ಗೋಧಿಯನ್ನು ಸಕ್ಕರೆ ಆಕ್ರೋಡು ಹಾಕಿ ಬೇಯಿಸಿಟ್ಟಿದ್ದ, ಮೇಣದಬತ್ತಿ ಹಚ್ಚಿ ಬಾಗಿಲು ಹಾರುಹೊಡೆದು ನಿಂತಿದ್ದ. ಊರೆಲ್ಲ ಚೌಕದಲ್ಲಿತ್ತು. ಅವನ ಬದಲಿಗೆ ಬಾವುಟ ಏರಿಸಿದವನು ಪುರಸಭೆಯ ಡ್ರೈವರ್ ಗೋಯ್ಕೋ. ಕಹಳೆ ಮೊಳಗಿತು, ಬಾವುಟ ಬಿಚ್ಚಿಕೊಂಡಿತು: ಕೋಟೆ ತಲೆಕೆಳಗು, ಕತ್ತಿ ನೆಲಕ್ಕೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಗ್ಗ ಸಿಕ್ಕಿಕೊಂಡು ಇಳಿಸಲೂ ಆಗದೆ ಗೋಯ್ಕೋ ಸ್ವೆತೋಲಿಕ್‌ನ ಮನೆಗೆ ಓಡಿದ. ಅಲ್ಲಿ ನಡೆದದ್ದನ್ನು ದೋಬ್ರಿಲಾ ಆಮೇಲೆ ಹೇಳಿದಳು.

"ಬಾ ಬಾ ಗೋಯ್ಕೋ! ಮೊದಲು ಗೋಧಿ ತಗೋ!"

"ಅಯ್ಯೋ, ನಾನು ಹಬ್ಬಕ್ಕೆ ಬಂದಿಲ್ಲ ಸ್ವಾಮಿ. ಬಾವುಟ ತಲೆಕೆಳಗಾಗಿದೆ, ಬೇಗ ಬನ್ನಿ."

"ಮನೇಲಿ ಅತಿಥಿಗಳಿರೋವಾಗ ಯಜಮಾನ ಹೊಸ್ತಿಲು ದಾಟಕ್ಕಾಗತ್ತಾ?"

ಗೋಯ್ಕೋ ಒಳಗೆ ಇಣುಕಿ ನೋಡಿದ. "ಎಲ್ಲಿ ಅತಿಥಿಗಳು?"

"ಬರ್ತಾರೆ."

ಯಾರೂ ಬರಲಿಲ್ಲ. ಕರೆಯುವ ಹಾಗಿಲ್ಲ, ಕರೆಯದೆ ಬರುವವರನ್ನು ಅವನೇ ಅಟ್ಟಿದ್ದ. ನಾನು ರಸ್ತೆ ದಾಟಿದ್ದರೆ ಸಾಕಿತ್ತು, ದಾಟಲಿಲ್ಲ. ಅದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಅವನ ಪೂರ್ವಿಕರ ಕತ್ತಿ ಸಂಜೆಯವರೆಗೂ ನೆಲ ನೋಡುತ್ತಲೇ ಇತ್ತು.

ಮುಂದಿನ ಡಿಸೆಂಬರಿನಲ್ಲಿ ನಮ್ಮ ಮನೆ ತುಂಬಿ ತುಳುಕುತ್ತಿತ್ತು. ದೋಬ್ರಿಲಾ ಬೆಳಗ್ಗೆಯೇ ಬಂದು ಮೀನು ಕರಿಯುತ್ತಿದ್ದಳು. ಬಾಗಿಲಲ್ಲಿ ಸ್ವೆತೋಲಿಕ್! ಒಳ್ಳೆಯ ಕೋಟು, ಕೋಟಿನ ಮೇಲೆ ತೋಳಿನ ಬಿಲ್ಲೆ. ತನ್ನ ಮನೆಯಲ್ಲೂ ಇದೇ ಹಬ್ಬವಿದ್ದಷ್ಟು ಕಾಲ ಅವನು ಈ ದಿನ ನಮ್ಮಲ್ಲಿಗೆ ಬಂದಿದ್ದೇ ಇಲ್ಲ. ಈಗ ಅವನೂ ಬರೀ ಅತಿಥಿ. ಬಂದವನನ್ನು ಹೊರಗೆ ಹಾಕುವ ಜಾಯಮಾನ ನಮ್ಮದಲ್ಲ. ಗೋಧಿಯ ಬಟ್ಟಲು ಮುಂದೆ ಹಿಡಿದೆ. ಅವನು ಶಿಲುಬೆಯ ಗುರುತು ಮಾಡಿಕೊಂಡು ಪಟದತ್ತ ತಿರುಗಿದ.

ಅಲ್ಲಿ ಎರಡು ನಿಕೋಲರು. ಒಂದರ ಗಾಜಿನ ಮೂಲೆ ಒಡೆದಿತ್ತು, ದೋಣಿಗೆ ಹಚ್ಚುವ ಡಾಂಬರಿನಿಂದ ಅವನಪ್ಪ ಅಂಟಿಸಿದ್ದು.

"ಇದು... ನಮ್ಮಪ್ಪನದು," ಎಂದ. ರಾದೋಯೆ ಮುದುಕ ಫೋರ್ಕು ಕೆಳಗಿಟ್ಟ.

"ಹೌದು, ನಿಮ್ಮಪ್ಪನದೇ," ಎಂದೆ. "ನಮ್ಮ ಮಿಲೆಂಕೋ ದೀಪ ಹಚ್ತಾನೆ."

ಅವನು ಚಮಚ ಬಟ್ಟಲಿಗೆ ಹಾಕಿ ಗಾಜಿನ ಒಡೆದ ಮೂಲೆ ಮುಟ್ಟಿದ. ಸಣ್ಣ ದನಿಯಲ್ಲಿ, "ಮನೆಗೆ ತಗೊಂಡು ಹೋಗ್ಲಾ?" ಎಂದ. ನನ್ನನ್ನಲ್ಲ, ದೋಬ್ರಿಲಾಳನ್ನು ನೋಡಿ.

ದೋಬ್ರಿಲಾ ರಾದೋಯೆಯ ತಟ್ಟೆಗೆ ಮೀನು ಬಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕ್ಯಾಪ್ಟನ್ ಮನೇಲಿ ಅವನಿಗೇನು ಜಾಗ?" ಎಂದಳು.